ದೊಡ್ಡದಾದ ದೀಪ

ಯಾವ ಕಾಗದವನ್ನೂ ಮೂರು ಸಲ ಓದದೆ ಗುಲನಾಜ ಕೈಯಿಂದ ಕೆಳಗಿಡುತ್ತಿರಲಿಲ್ಲ. ಬಸ್ಸಿನ ಟಿಕೆಟ್ಟನ್ನೂ ಓದುವವಳು, ಔಷಧದ ಚೀಟಿಯನ್ನೂ ಓದುವವಳು. ಇಂಡಿ ಊರಿನ ಸ್ಟೇಷನ್ ರಸ್ತೆಯಲ್ಲಿರುವ ಬಸಂತರಾಯರ ಕಂಟ್ರೋಲ್ ಪ್ಯಾನೆಲ್ ವರ್ಕ್‌ಶಾಪಿಗೆ ಸೇರಿದ ಮೊದಲ ವಾರವೇ ಅವಳಿಗೆ ಅಲ್ಲಿಯವರು ಪೋಸ್ಟ್‌ಮಾಸ್ತರ್ ಎಂದು ಹೆಸರಿಟ್ಟಿದ್ದರು. ಬಿಲ್ಲಿನ ಹಿಂದೆ ಏನೂ ಬರೆದಿರದಿದ್ದರೂ ಒಮ್ಮೆ ತಿರುವಿ ನೋಡುತ್ತಾಳೆಂದು ನಗುತ್ತಿದ್ದರು.

ನಾಲತವಾಡದ ಹೊರಗಿನ ಹತ್ತಿ ಗಿರಣಿಯಲ್ಲಿ ಶ್ರೀಶೈಲನೆಂಬ ಕೆಲಸಗಾರ ಯಂತ್ರಕ್ಕೆ ಸಿಕ್ಕು ಸತ್ತನೆಂಬ ಸುದ್ದಿ ಬಂದಾಗ ಅವಳಿಗೆ ಮೊದಲು ನೆನಪಾದದ್ದೂ ಒಂದು ಕಾಗದವೇ. ಆ ಯಂತ್ರದ ಪ್ಯಾನೆಲ್ ಅವಳು ಕಟ್ಟಿದ್ದು.

ಮೂರು ವರ್ಷದ ಹಿಂದಿನ ಮಾತು. ಕೊರೊನಾ ಇಳಿದಿತ್ತು, ಆದರೆ ಬಿಡಿಭಾಗಗಳು ಪೇಟೆಯಿಂದ ಮಾಯವಾಗಿದ್ದವು. ಗಿರಣಿಯವರಿಗೆ ಹಂಗಾಮಿಗೆ ಮುಂಚೆ ಹೊಸ ಪ್ಯಾನೆಲ್ ಬೇಕಿತ್ತು. ಹತ್ತಿ ಬಿಡಿಸುವ ಯಂತ್ರಕ್ಕೆ ಒಂದು ಮುಚ್ಚಳ, ಅದರ ಕೆಳಗೆ ಮುಳ್ಳಿನ ಉರುಳೆ. ಮುಚ್ಚಳ ತೆರೆದಿದ್ದಾಗ ಉರುಳೆ ತಿರುಗಕೂಡದು. ಮುಚ್ಚಳದ ಸ್ವಿಚ್ಚಿನಿಂದ ಆ ಸುದ್ದಿ ಪ್ಯಾನೆಲ್ಲಿಗೆ ಬರಬೇಕು. ಆದರೆ ಸುದ್ದಿ ತರುವ ತಂತಿ ದೊಡ್ಡ ಮೋಟರುಗಳ ಪಕ್ಕದಲ್ಲೇ ಹಾದು ಬರುತ್ತದೆ. ಮೋಟರು ಸಿಡುಕಿದಾಗಲೆಲ್ಲ ಆ ಸಿಡುಕನ್ನೂ ಹೊತ್ತು ತರುತ್ತದೆ. ಅದು ಪ್ಯಾನೆಲ್ಲಿನ ಐದು ವೋಲ್ಟಿನ ನಾಜೂಕು ಎಲೆಕ್ಟ್ರಾನಿಕ್ ಚಿಪ್ಪಿಗೆ ತಾಗಿತೆಂದರೆ ಚಿಪ್ಪು ಸುಟ್ಟಂತೆಯೇ. ಅದಕ್ಕಾಗಿ ನಡುವೆ ಆಪ್ಟೊಕಪ್ಲರ್ ಕೂರಿಸುತ್ತಾರೆ. ಹುಣಸೆ ಬೀಜದಷ್ಟು ಕಪ್ಪು ತುಣುಕು. ಅದರ ಹೊಟ್ಟೆಯೊಳಗೆ ಒಂದು ಬದಿಗೆ ಸಣ್ಣ ದೀಪ, ಇನ್ನೊಂದು ಬದಿಗೆ ಆ ದೀಪವನ್ನು ನೋಡುವ ಕಣ್ಣು. ನಡುವೆ ತಂತಿಯಿಲ್ಲ. ಬೆಳಕಷ್ಟೇ ದಾಟುತ್ತದೆ.

"ಬೀಗರಿದ್ದಂಗ ನೋಡವ್ವ," ಎಂದು ರಾಚಪ್ಪ ಮೇಸ್ತ್ರಿ ಅವಳಿಗೆ ಹೇಳಿಕೊಟ್ಟಿದ್ದ. "ಮಾತು ದಾಟಬೇಕು, ಮನಿ ಎರಡೂ ಒಂದಾಗಬಾರದು. ಒಲಿ ಒಂದಾತೋ, ಎರಡೂ ಮನಿ ಸುಟ್ಟು."

ರಾಚಪ್ಪ ಗೊಳಸಂಗಿಯವನು. ನಲವತ್ತು ವರ್ಷ ಪ್ಯಾನೆಲ್ ಕಟ್ಟಿದವನು, ಏಳನೇ ಇಯತ್ತೆಗೆ ಸಾಲಿ ಬಿಟ್ಟವನು. ಗುಲನಾಜ ಎಲೆಕ್ಟ್ರಾನಿಕ್ಸಿನಲ್ಲಿ ಬಿ.ಇ. ಮುಗಿಸಿ ಬಂದವಳು. ಆದರೂ ಸ್ಕ್ರೂ ಎಷ್ಟು ಬಿಗಿ ಮಾಡಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಅವಳು ಕಲಿತದ್ದು ಅವನ ಕೈ ನೋಡಿ.

ಆ ಕಪ್ಪು ತುಣುಕನ್ನು ಆರಿಸಲು ಅವಳು ಹನ್ನೊಂದು ದಿನ ತೆಗೆದುಕೊಂಡಳು. ಅಂಗಡಿಯವರು ಎಲ್ಲರಿಗೂ ಒಂದೇ ನಂಬರಿನ ಮಾಲು ಕೊಡುತ್ತಾರೆ. ಆದರೆ ನಂಬರಿನ ಬೆನ್ನಿಗೆ ಎ, ಬಿ, ಸಿ, ಡಿ ಎಂದು ಒಂದು ಅಕ್ಷರ ಇರುತ್ತದೆ. ಇತ್ತ ಇಷ್ಟು ಕರೆಂಟು ಕೊಟ್ಟರೆ ಅತ್ತ ಎಷ್ಟು ಸಿಗುತ್ತದೆ ಎಂಬುದು ಆ ಅಕ್ಷರದ ಮೇಲೆ. ಅದನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಗುಲನಾಜ ಕೇಳಿದಳು. ಐದು ಸಾವಿರ ವೋಲ್ಟು ತಡೆಯುವುದನ್ನು, ಈ ಬದಿಯ ಕಾಲಿಗೂ ಆ ಬದಿಯ ಕಾಲಿಗೂ ನಡುವೆ ಎಂಟು ಮಿಲಿಮೀಟರ್ ಅಂತರವಿರುವುದನ್ನು, ಏಪ್ರಿಲ್ ತಿಂಗಳಿನ ಕಾವಿಗೂ ಬಗ್ಗದ್ದನ್ನು ಹುಡುಕಿದಳು. ನಕಲಿ ಮಾಲಿನ ಭಯಕ್ಕೆ ಪುಣೆಯಿಂದ ತರಿಸಿದಳು. ಬಂದ ಮೇಲೆ ಭೂತಗನ್ನಡಿ ಹಿಡಿದು ಒಂದೊಂದರ ಅಕ್ಷರವನ್ನೂ ಓದಿದಳು.

"ಹೆಣ್ಣ ನೋಡಾಕ ಹೋದವ್ರೂ ಇಷ್ಟ ನೋಡಂಗಿಲ್ಲ ಬಿಡು," ಎಂದಿದ್ದ ರಾಚಪ್ಪ.

"ಹೆಣ್ಣಿನ ಕೈಯಾಗ ಯಾರ್ದೂ ಜೀವ ಕೊಡಂಗಿಲ್ಲಲ್ರಿ ಕಾಕಾ."

"ಕೊಡ್ತಾರವ್ವ. ಲಗ್ನಾ ಆದ ಮ್ಯಾಲ ತಿಳಿತೈತಿ."

ಜೋಡಣೆ ಹೇಗಿರಬೇಕೆಂದು ರಾಚಪ್ಪ ಕ್ಯಾಲೆಂಡರಿನ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಬರೆದುಕೊಟ್ಟಿದ್ದ. ಅವನ ಕಣ್ಣಿಗೆ ಪೊರೆ ಬಂದಿತ್ತು. ಅಕ್ಷರ ಕಡ್ಡಿಯಷ್ಟು ದಪ್ಪ. ಕೊನೆಯ ಸಾಲು ಇಷ್ಟು: ಮುಚ್ಚಳದ ದೀಪ ದೊಡ್ಡದಾತಂದ್ರ ಗಾಡಿ ನಿಲ್ಲಬೇಕು. ಮರೀಬಾರದು.

ಮೂರು ಸಲ ಓದಿದಳು. ದೀಪ ದೊಡ್ಡದಾಗುವುದೆಂದರೆ ಪೂರ್ತಿ ಹೊತ್ತುವುದು. ಅಂದರೆ ಮುಚ್ಚಳ ತೆರೆದಾಗ ದೀಪ ಹೊತ್ತಬೇಕು, ಹೊತ್ತಿದ ಕೂಡಲೇ ಯಂತ್ರ ನಿಲ್ಲಬೇಕು. ಕಾಲೇಜಿನಲ್ಲಿ ಕಲಿಸಿದ್ದು ಇದರ ತಿರುವುಮುರುವು: ಮುಚ್ಚಳ ಭದ್ರವಾಗಿರುವಷ್ಟು ಹೊತ್ತು ದೀಪ ಉರಿಯುತ್ತಿರಬೇಕು, ಅದು ಹೋಯಿತೆಂದರೆ ನಿಲ್ಲಬೇಕು. ಮನಸ್ಸು ಒಪ್ಪದೆ ಕೇಳಿದ್ದಳು.

"ಕಾಕಾ, ದೊಡ್ಡದಾದ್ರ ನಿಲ್ಲಬೇಕಲ್ರಿ? ಖರೇನ?"

"ಹೌದವ್ವ. ದೊಡ್ಡದಾದ ಗಳಿಗೀನ ನಿಲ್ಲಬೇಕು. ಒಂದ ಕ್ಷಣ ತಿರಗಬಾರದು."

ನಲವತ್ತು ವರ್ಷದ ಕೈ. ತನ್ನ ಪುಸ್ತಕಕ್ಕೆ ಗೊತ್ತಿಲ್ಲದ ಕಾರಣ ಅದಕ್ಕೆ ಗೊತ್ತಿರಬೇಕು ಎಂದುಕೊಂಡಳು. ಹಾಗೆಯೇ ಜೋಡಿಸಿದಳು. ಗಿರಣಿಯಲ್ಲಿ ಮುಚ್ಚಳ ಎತ್ತಿ ತೋರಿಸಿದರು, ಉರುಳೆ ನಿಂತಿತು. ಇಪ್ಪತ್ತು ಸಲ ಎತ್ತಿದರು, ಇಪ್ಪತ್ತು ಸಲ ನಿಂತಿತು. ಅಂಥವೇ ಎರಡು ಪ್ಯಾನೆಲ್ಲು ಸಿಂದಗಿಯ ಬೇಳೆ ಮಿಲ್ಲಿಗೂ ಝಳಕಿಯ ಹಿಂಡಿ ಮಿಲ್ಲಿಗೂ ಹೋದವು. ಆ ವರ್ಷವೇ ರಾಚಪ್ಪ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಕೆಲಸ ಬಿಟ್ಟು ಊರು ಸೇರಿದ.

ಸುದ್ದಿ ಬಂದ ಐದನೇ ದಿನ, ಬುಧವಾರ, ಬಸಂತರಾಯರು ಗುಲನಾಜಳನ್ನು ನಾಲತವಾಡಕ್ಕೆ ಕಳಿಸಿದರು. ಗಿರಣಿಯವರಿಗೆ ಪ್ಯಾನೆಲ್ ಕಟ್ಟಿದವರದೇ ಒಂದು ವರದಿ ಬೇಕಂತೆ. ನಸುಕಿನ ಬಸ್ಸು ಹಿಡಿದು ಬಸವನ ಬಾಗೇವಾಡಿ, ಮುದ್ದೇಬಿಹಾಳ ದಾಟಿ ಅವಳು ಇಳಿದಾಗ ಬಿಸಿಲೇರಿತ್ತು. ಚೀಲದಲ್ಲಿ ಮಲ್ಟಿಮೀಟರು, ಮಧ್ಯಾಹ್ನದ ಡಬ್ಬಿ, ಫೈಲಿನೊಳಗೆ ಕ್ಯಾಲೆಂಡರಿನ ಹಾಳೆ.

ಗಿರಣಿಯ ಮ್ಯಾನೇಜರು ಅವಳ ಕೈಗೆ ಒಂದು ತಾಮ್ರದ ತಂತಿಯ ತುಂಡು ಕೊಟ್ಟ.

"ಇದ ನೋಡ್ರಿ ಮೇಡಂ. ಮುಚ್ಚಳದ ಸ್ವಿಚ್ಚಿಗಿ ಅಂವ ಇದನ್ನ ಕಟ್ಟಿದ್ದ. ಘಳಿಗಿಗೊಮ್ಮೆ ಗಾಡಿ ನಿಲ್ಲತೈತಿ ಅಂತ ಬ್ಯಾಸರ ಅವರಿಗಿ. ಕರೆಂಟ ಹೋಗಿತ್ತು, ಮುಚ್ಚಳ ತಗದು ಹಸಿ ಹತ್ತಿ ಜಗ್ಗಾಕ ಹತ್ಯಾನ. ಕರೆಂಟ ಬಂತು, ಗಾಡಿ ಶುರು ಆತು. ಮುಗೀತು. ತನ್ನ ಕೈಯಾರ ಮಾಡ್ಕೊಂಡ."

ಕರೆಂಟು ಬಂದರೆ ಯಂತ್ರಗಳು ಸಾಲಾಗಿ ತಾವೇ ಶುರುವಾಗಬೇಕೆಂದು ಕೇಳಿದವರು ಗಿರಣಿಯವರೇ. ಮುಚ್ಚಳ ತೆರೆದಿದ್ದರೆ ಮಾತ್ರ ಶುರುವಾಗದು ಎಂಬ ಧೈರ್ಯದ ಮೇಲೆ ಹಾಗೆ ಮಾಡಿಕೊಟ್ಟಿದ್ದರು. ಶ್ರೀಶೈಲ ಕೈ ಹಾಕಿದ್ದೂ ಆ ಧೈರ್ಯದ ಮೇಲೆಯೇ.

ಗುಲನಾಜ ತಂತಿಯನ್ನು ತಿರುವಿ ನೋಡಿದಳು. ಎಲ್ಲಿಯೂ ಬಾಗಿದ ಗುರುತಿಲ್ಲ, ಸ್ಕ್ರೂ ಕಚ್ಚಿದ ಕಲೆಯಿಲ್ಲ. ಅದಿರಲಿ; ಬೇರೆ ಪ್ಯಾನೆಲ್ಲುಗಳಲ್ಲಿ ಸ್ವಿಚ್ಚಿಗೆ ತಂತಿ ಕಟ್ಟಿದರೆ ಮುಚ್ಚಳ ಸದಾ ಮುಚ್ಚಿದೆಯೆಂದು ಯಂತ್ರ ನಂಬುತ್ತದೆ. ಅವಳ ಪ್ಯಾನೆಲ್ಲಿನಲ್ಲಿ ಹಾಗಲ್ಲ. ಇಲ್ಲಿ ತಂತಿ ಕಟ್ಟಿದರೆ ದೀಪ ಹೊತ್ತಿಯೇ ಇರುತ್ತದೆ, ಯಂತ್ರ ಒಂದು ಸುತ್ತೂ ತಿರುಗುವುದಿಲ್ಲ. ಮ್ಯಾನೇಜರನಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದವಳು ಅವಳೊಬ್ಬಳೇ.

ಬೋರ್ಡು ಬಿಚ್ಚಿ ಆಪ್ಟೊಕಪ್ಲರಿನ ಕಾಲಿಗೆ ಮೀಟರಿನ ಮೊನೆ ಇಟ್ಟಳು. ದೀಪದ ಬದಿ ಸತ್ತಿತ್ತು. ಮೊನೆ ಅದಲುಬದಲು ಮಾಡಿದಳು. ಆಗಲೂ ಏನೂ ತೋರಿಸಲಿಲ್ಲ. ಮೂರು ಬೇಸಿಗೆಯ ಕಾವೋ, ಯಾವುದೋ ಸಿಡಿಲಿನ ಹೊಡೆತವೋ. ಎಷ್ಟು ಆರಿಸಿ ತಂದರೂ ದೀಪಕ್ಕೆ ಆಯುಷ್ಯವೆಂಬುದು ಇದ್ದೇ ಇದೆ. ಅದು ಯಾವ ದಿನ ಸತ್ತಿತೋ ಆ ದಿನದಿಂದ ಮುಚ್ಚಳ ತೆರೆದರೂ ಸುದ್ದಿ ದಾಟಿರಲಿಲ್ಲ. ಆಮೇಲೆ ಯಾರಿಗೂ ತಂತಿ ಕಟ್ಟುವ ಕಾರಣವೇ ಇರಲಿಲ್ಲ. ಕಾಲೇಜಿನಲ್ಲಿ ಕಲಿಸಿದಂತೆ ಜೋಡಿಸಿದ್ದರೆ ಆ ದಿನವೇ ಯಂತ್ರ ಮೊಂಡು ಹಿಡಿದು ನಿಲ್ಲುತ್ತಿತ್ತು. ಯಾರೋ ಬೈದುಕೊಂಡು ವರ್ಕ್‌ಶಾಪಿಗೆ ಫೋನು ಮಾಡುತ್ತಿದ್ದರು, ಅಷ್ಟೇ.

ಕಾಕಾ ಯಾಕೆ ಹಾಗೆ ಬರೆದರು? ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ, ನಾಚಿಕೆಯಾಗುವಂಥ ಒಂದು ಸಮಾಧಾನವೂ ಬಂತು. ತಪ್ಪು ಅವರದು. ಕಾಗದ ಫೈಲಿನಲ್ಲಿದೆ.

ಹೊರಗೆ ಬಂದು ಬಸಂತರಾಯರಿಗೆ ಫೋನು ಮಾಡಿದಳು. ಅವರು ಪೂರ್ತಿ ಕೇಳಿದರು, ನಡುವೆ ಬಾಯಿ ಹಾಕಲಿಲ್ಲ.

"ತಂತಿ ಕಟ್ಟಿದ್ದ ಅಂತ ಅವರ ಅನ್ನಾಕತ್ತಾರಲ್ಲವ್ವ," ಎಂದರು ಕೊನೆಗೆ. "ನೀ ಅಲ್ಲ ಅನ್ನಬ್ಯಾಡ, ಹೌದು ಅನ್ನಬ್ಯಾಡ. ಬೋರ್ಡ ಕೆಟ್ಟಿತ್ತು, ಕಾರಣ ತಿಳೀಲಿಲ್ಲ ಅಂತ ಬರಿ. ಹತ್ತ ಮಂದಿ ಅನ್ನ ಐತಿ ಈ ವರ್ಕ್‌ಶಾಪಿನ್ಯಾಗ. ಸತ್ತಾಂವ ಹೊಳ್ಳಿ ಬರ್ತಾನೇನು?"

"ಬರಂಗಿಲ್ರಿ ಸಾವ್ಕಾರ್ರ," ಎಂದಳು.

ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಶ್ರೀಶೈಲನ ಮನೆ ಎಲ್ಲಿ ಎಂದು ಗೇಟಿನವನನ್ನು ಕೇಳಿದಳು. ಯಾಕೆ ಕೇಳಿದಳೋ ತಿಳಿಯದು. ನೋಡದೆ ಹೋದರೆ ಆಗದು ಎನಿಸಿತ್ತು.

ಎರಡು ಕೋಣೆಯ ಮನೆ. ಅವನ ಹೆಂಡತಿ ಲಕ್ಕವ್ವ ಗೋಡೆಗೆ ಒರಗಿ ಕುಳಿತಿದ್ದಳು. ಅವಳ ಮುಂದೆ, ಹೆಣ ಕೂರಿಸಿದ್ದ ಜಾಗದಲ್ಲಿ, ಸಗಣಿ ಸಾರಿಸಿ ಒಂದು ಹಣತೆ ಹಚ್ಚಿಟ್ಟಿದ್ದರು. ಪಕ್ಕದಲ್ಲಿ ಎಣ್ಣೆಯ ಬಾಟಲಿ.

"ನಾ ಇಂಡಿಯಿಂದ ಬಂದೇನ್ರಿ ಅಕ್ಕಾರ. ಪ್ಯಾನೆಲ್ ನೋಡಾಕ."

ಲಕ್ಕವ್ವ ಅವಳ ಚೀಲ ನೋಡಿದಳು, ಮುಖ ನೋಡಿದಳು. "ಕುಂಡ್ರು ತಂಗಿ," ಎಂದಳು. ಆಮೇಲೆ ಕೇಳಿದಳು, "ನಮ್ಮವ್ರು ತಂತಿ ಕಟ್ಟಿದ್ರೇನು?"

ಗುಲನಾಜ ಚೀಲದಿಂದ ಫೈಲು ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಕಟ್ಟಿದ್ರು ಅಂತ ಊರೆಲ್ಲ ಅನ್ನಾಕತ್ತೈತಿ. ನಮ್ಮ ಮೈದುನಾನೂ ಅಂದ. ಮಿಕ್ಸರದ ವೈರ ಮುಟ್ಟಬೇಕಾದ್ರ ಮನೀದ ಮೇನ್ ಆಫ್ ಮಾಡಾಂವ ನನ್ನ ಗಂಡ. ನಾ ನಗತಿದ್ದೆ, ಅಂಜುಬುರಕ ಅಂತ." ಮಾತಿನ ನಡುವೆಯೇ ಬಗ್ಗಿ ಹಣತೆಗೆ ಎಣ್ಣೆ ಹಾಕಿದಳು. "ದಿನಕರ್ಮ ಮಾಡೂತನಕ ಇದು ದೊಡ್ಡದಾಗಬಾರದು. ಕಣ್ಣ ಹತ್ತವಲ್ಲವು ನನಗ. ಹತ್ತಿದಾಗ ದೊಡ್ಡದಾತಂದ್ರ?"

"ಸಣ್ಣದ ಐತಲ್ರಿ," ಎಂದಳು ಗುಲನಾಜ, ಸಮಾಧಾನ ಹೇಳುವಂತೆ. "ದೊಡ್ಡದ ಯಾಕ ಆಗತೈತಿ? ಬತ್ತಿ ಸಣ್ಣ ಮಾಡಿದ್ರ ಆತು."

ಲಕ್ಕವ್ವ ಅವಳನ್ನು ವಿಚಿತ್ರವಾಗಿ ನೋಡಿದಳು. ಒಳಗಿನಿಂದ ಒಬ್ಬ ಮುದುಕಿಯ ದನಿ ಬಂತು. "ಸಾಲಿ ಕಲ್ತ ಹುಡಿಗೇರು, ಇವಕ್ಕೇನ ತಿಳೀಬೇಕು. ಆರೂದಕ್ಕ ಹಂಗ ಅಂತಾರವ್ವ. ಆರತು ಅನ್ನಬಾರದು, ಮನಿಗಿ ಛಲೋ ಅಲ್ಲ. ದೀಪ ದೊಡ್ಡದಾತು ಅನ್ನಬೇಕು."

ಗುಲನಾಜಳ ಕೈ ಫೈಲಿನ ಮೇಲಿತ್ತು. ಅದನ್ನು ತೆರೆಯಲಿಲ್ಲ. ಕಾಗದದ ಆ ಸಾಲು ಕಣ್ಣ ಮುಂದೆಯೇ ಇತ್ತು, ದಪ್ಪ ಪೆನ್ಸಿಲಿನಲ್ಲಿ; ಕಿವಿಯಲ್ಲಿ ಕಾಕಾರ ಮಾತು. ದೊಡ್ಡದಾದ ಗಳಿಗೀನ ನಿಲ್ಲಬೇಕು. ಒಂದ ಕ್ಷಣ ತಿರಗಬಾರದು. ಕಾಕಾ ಸರಿಯಾಗಿಯೇ ಹೇಳಿದ್ದರು. ಅವಳು ಕೇಳಿದ್ದಳು, ಅವರು ಮತ್ತೆ ಹೇಳಿದ್ದರು. ಇಬ್ಬರೂ ಒಂದೇ ಶಬ್ದವನ್ನು ನಡುವೆ ಇಟ್ಟುಕೊಂಡು ಎರಡು ಮನೆಯಲ್ಲಿ ಕುಳಿತಿದ್ದರು. ಮಾತು ದಾಟಿರಲೇ ಇಲ್ಲ.

ತಾನು ಏನು ಹೇಳಬೇಕೆಂದು ಅವಳು ಮನಸ್ಸಿನಲ್ಲಿ ಒಮ್ಮೆ ಓದಿಕೊಂಡಳು. ಎರಡನೇ ಸಲ ಓದಲು ಹೋಗಲಿಲ್ಲ.

"ಅಕ್ಕಾರ, ಅವರು ತಂತಿ ಕಟ್ಟಿರಲಿಲ್ರಿ. ಆ ಪ್ಯಾನೆಲ್ಲಿಗಿ ತಂತಿ ಕಟ್ಟಿದ್ರ ಗಾಡಿ ಓಡೂದ ಇಲ್ಲ. ಅದನ್ನ ತಿರುವುಮುರುವು ಜೋಡಿಸೇದ. ಜೋಡಿಸಿದಾಕಿ ನಾನ."

ಬೈಯುತ್ತಾಳೆ, ಎದ್ದು ಹೋಗು ಎನ್ನುತ್ತಾಳೆ ಎಂದು ಗುಲನಾಜ ಕಾದಳು. ಲಕ್ಕವ್ವ ಹಣತೆಯನ್ನೇ ನೋಡುತ್ತಿದ್ದಳು.

"ನೀ ಜೋಡಿಸಿದ್ದಿ," ಎಂದಳು.

"ಹೌದ್ರಿ."

"ಇದನ್ನ ಬರದ ಕೊಡ್ತಿ?"

"ಕೊಡ್ತೇನ್ರಿ."

"ಬರದ ಕಳಸು. ನನ್ನ ಮಗಳು ಓದ್ತಾಳ, ನಾಕನೇ ಇಯತ್ತೆ ಅದಾಳ. ಅವರಪ್ಪ ಕಟ್ಟಿರಲಿಲ್ಲ ಅಂತ ಅಕಿ ಓದ್ಲಿ." ಆಮೇಲೆ, ಅದೇ ದನಿಯಲ್ಲಿ ಹೇಳಿದಳು, "ನೀ ಮತ್ತ ಈ ಮನಿಗಿ ಬರಬ್ಯಾಡ ತಂಗಿ. ಕಳಸು, ಸಾಕು."

ಬಸ್ಸು ಹತ್ತಿದ ಮೇಲೆ ಅವಳು ಸಿಂದಗಿಯ ಮಿಲ್ಲಿಗೂ ಝಳಕಿಯ ಮಿಲ್ಲಿಗೂ ಫೋನು ಹಚ್ಚಿದಳು. ನಾಳೆ ತಾನು ಬಂದು ಬೋರ್ಡು ಬದಲಾಯಿಸುವವರೆಗೆ ಯಂತ್ರ ಓಡಿಸಬೇಡಿರೆಂದಳು. ಝಳಕಿಯವರು ಬೈದರು. ಬೈಸಿಕೊಂಡು ಮತ್ತೆ ಅದನ್ನೇ ಹೇಳಿದಳು.

ಗೊಳಸಂಗಿಯಲ್ಲಿ ಇಳಿದಾಗ ರಾಚಪ್ಪ ಕಟ್ಟೆಯ ಮೇಲೆ ಕುಳಿತು ಯಾರದೋ ಟೇಬಲ್ ಫ್ಯಾನು ಬಿಚ್ಚಿಕೊಂಡಿದ್ದ. ದಪ್ಪ ಕನ್ನಡಕ ಏರಿಸಿ ಅವಳನ್ನು ಗುರುತಿಸಿದ.

"ಓಹೋ, ಪೋಸ್ಟ್‌ಮಾಸ್ತರ್ ಬಂದ್ರಲ. ಯಾರ ಪತ್ರ ತಂದಿ?"

"ನಿಮ್ದ ಕಾಕಾ," ಎಂದು ಅವಳು ಹಾಳೆಯನ್ನು ಕೊಟ್ಟಳು.

ಓದಿದ. ಅರ್ಥವಾಗಲಿಲ್ಲ. "ಖರೇನ ಬರದೇನಲ್ಲ. ಏನಾತು?"

ಏನಾಯಿತೆಂದು ಹೇಳಿದಳು. ಶ್ರೀಶೈಲನ ಸುದ್ದಿ ಅವನಿಗೆ ಗೊತ್ತಿತ್ತು. ಅದು ತಾವು ಕಟ್ಟಿದ ಪ್ಯಾನೆಲ್ಲೆಂಬುದು ಗೊತ್ತಿರಲಿಲ್ಲ. ಮಾತು ಮುಗಿಯುವ ಹೊತ್ತಿಗೆ ಫ್ಯಾನಿನ ಒಂದು ಸ್ಕ್ರೂ ಅವನ ಬೆರಳ ಸಂದಿಯಿಂದ ಉರುಳಿ ಅಂಗಳಕ್ಕೆ ಬಿತ್ತು. ಎತ್ತಿಕೊಳ್ಳಲಿಲ್ಲ.

"ಆ ಶಬ್ದ ನಾ ಬಾಯಾಗ ತಗೋಳೂದಿಲ್ಲವ್ವ," ಎಂದ. "ನಮ್ಮವ್ವ ತುಟಿ ಮ್ಯಾಲ ಹೊಡೀತಿದ್ಲು. ಹೊಸಾ ಪ್ಯಾನೆಲ್ಲು, ಮೊದಲನೇ ಪೂಜಾ ಆಗಿದ್ದಿಲ್ಲ ಇನ್ನ. ಕೆಟ್ಟ ಶಬ್ದ ಬರದು ಅಪಶಕುನ ಯಾಕ ಅಂತ..." ಕನ್ನಡಕ ತೆಗೆದು ಧೋತರದ ತುದಿಗೆ ಒರೆಸಿದ. "ಕಣ್ಣ ನೆಟ್ಟಗಿದ್ರ ಬೋರ್ಡ ಒಮ್ಮಿ ನೋಡತಿದ್ದೆ. ನಿನ್ನ ನಂಬಿದ್ದೆ. ಮೂರ ಸಲ ಓದಾಕಿ ಅಂತ."

"ಮೂರ ಸಲ ಓದಿದ್ದೆ ಕಾಕಾ."

"ಬರದಾಂವ ನಾ. ನನ್ನ ಹೆಸರ ಹಾಕು. ನಂದೇನು, ಎದ್ದ ಹೋಗೂ ಜೀವ."

"ನೀವು ಖರೇನ ಬರದೀರಿ. ತಪ್ಪ ಓದಿದಾಕಿ ನಾ."

"ನೀ ಕೇಳಿದ್ದಿ. ಕೇಳಿದಾಗ ನಾ ಬಿಡಿಸಿ ಹೇಳಬೇಕಿತ್ತು."

ತಪ್ಪನ್ನು ಇಬ್ಬರೂ ತಮ್ಮತ್ತ ಎಳೆದುಕೊಂಡರು. ಎಷ್ಟು ಎಳೆದರೂ ಅದು ಹಗುರಾಗಲಿಲ್ಲ. ಬಸ್ಸಿನ ಹೊತ್ತಾದಾಗ ರಾಚಪ್ಪ ಎದ್ದು ರಸ್ತೆಯವರೆಗೆ ಬಂದ. ಬಸ್ಸು ಹತ್ತುವ ಮುಂಚೆ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಮೆಲ್ಲಗೆ ಹೇಳಿದ: "ದೀಪ ಆರಿದ್ರ ಗಾಡಿ ನಿಲ್ಲಬೇಕು. ಹಂಗ ಬರಿ. ಆರಿದ್ರ ಅಂತ ಬರಿ." ಎಪ್ಪತ್ತರ ಹತ್ತಿರದ ಮನುಷ್ಯ, ಹೇಳಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ.

ಗುರುವಾರ ಬೆಳಿಗ್ಗೆ ಸಿಂದಗಿ, ಮಧ್ಯಾಹ್ನ ಝಳಕಿ. ಎರಡೂ ಕಡೆ ಜೋಡಣೆ ತಿರುವಿ, ದೀಪದ ತಂತಿಯನ್ನು ತಾನೇ ಕಿತ್ತು, ಯಂತ್ರ ನಿಲ್ಲುವುದನ್ನು ನೋಡಿ ಬಂದಳು. ಸಂಜೆ ಮನೆಯಲ್ಲಿ ಬಿಳಿ ಹಾಳೆ ಹಾಕಿಕೊಂಡು ವರದಿ ಬರೆಯಲು ಕುಳಿತಳು.

ಶ್ರೀಶೈಲ ಸ್ವಿಚ್ಚಿಗೆ ತಂತಿ ಕಟ್ಟಿರಲಿಲ್ಲ. ದೀಪ ಸರಿಯಿದ್ದಾಗ ಕಟ್ಟಿದ್ದರೆ ಈ ಯಂತ್ರ ಓಡುತ್ತಲೇ ಇರಲಿಲ್ಲ; ದೀಪ ಸತ್ತ ಮೇಲೆ ಕಟ್ಟುವ ಕಾರಣವಿರಲಿಲ್ಲ, ಎಂದು ಮೊದಲು ಬರೆದಳು. ದೀಪ ಆರಿದರೆ ಯಂತ್ರ ನಿಲ್ಲುವಂತೆ ಜೋಡಿಸಬೇಕಿತ್ತು. ದೀಪ ಹೊತ್ತಿದರೆ ನಿಲ್ಲುವಂತೆ ನಾನು ಜೋಡಿಸಿದೆ. ಮೇಸ್ತ್ರಿಯ ಸೂಚನೆ ಸರಿಯಾಗಿತ್ತು. ಆಪ್ಟೊಕಪ್ಲರಿನ ಆಯ್ಕೆಯಲ್ಲಿ ದೋಷವಿರಲಿಲ್ಲ. ಇಷ್ಟಾದ ಮೇಲೆ ಲೇಖನಿ ನಿಂತಿತು. ಇನ್ನೊಂದು ವಾಕ್ಯ ಸೇರಿಸಿದಳು: ದೀಪ ದೊಡ್ಡದಾಗುವುದು ಎಂಬ ಮಾತಿಗೆ ಆರುವುದು ಎಂಬ ಅರ್ಥವಿರುವುದು ನನಗೆ ತಿಳಿದಿರಲಿಲ್ಲ, ಆ ಮಾತು ನಮ್ಮ ಮನೆಯಲ್ಲಿ ಬಳಕೆಯಲ್ಲಿಲ್ಲ.

ಅದು ಸುಳ್ಳಲ್ಲ ಎಂದುಕೊಂಡಳು. ಯಾರು ಓದಿದರೂ ಆ ಒಂದು ವಾಕ್ಯದಲ್ಲಿ ಅವಳಿಗೆ ನಿಲ್ಲಲು ಒಂದಿಷ್ಟು ಜಾಗವಿತ್ತು.

ಪ್ರತಿ ಗುರುವಾರ ಸಂಜೆ ಅವಳ ಅಜ್ಜಿ ಜನ್ನತಬಿ ಗೋಡೆಯ ಗೂಡಿನಲ್ಲಿ ಊದುಬತ್ತಿಯ ಜೊತೆ ಒಂದು ಸಣ್ಣ ಚಿರಾಗು ಹಚ್ಚುತ್ತಿದ್ದಳು. ಅವತ್ತು ಗಾಳಿ ಎದ್ದಿತ್ತು. ಕಿಟಕಿಯ ಪರದೆ ಗೂಡಿನವರೆಗೆ ಹಾರುತ್ತಿತ್ತು.

"ಗುಲ್ಲು," ಎಂದಳು ಜನ್ನತಬಿ ಹಾಸಿಗೆಯ ಮೇಲಿನಿಂದ, "ಪರದೆ ಹತ್ತೀತು. ಚಿರಾಗ್ ಬಢಾ ದೇ ಬೇಟಿ."

ಗುಲನಾಜ ಎದ್ದು ಹೋಗಿ ಚಿರಾಗನ್ನು ಊದಿ ಆರಿಸಿದಳು. ಮತ್ತೆ ಬಂದು ಕುಳಿತು ಲೇಖನಿ ಎತ್ತಿಕೊಂಡಳು.

ಎತ್ತಿಕೊಂಡ ಕೈ ಹಾಗೆಯೇ ನಿಂತಿತು. ಬಢಾ ದೇ. ದೊಡ್ಡದು ಮಾಡು. ನಡೆಯಲು ಕಲಿತಾಗಿನಿಂದ ಗುರುವಾರ ಗುರುವಾರ ಕೇಳಿದ ಮಾತು. ಒಂದು ದಿನವಾದರೂ ಅವಳು ಬತ್ತಿ ಏರಿಸಿರಲಿಲ್ಲ. ಒಂದು ದಿನವಾದರೂ ತಪ್ಪು ತಿಳಿದಿರಲಿಲ್ಲ.

ಗೂಡಿನಿಂದ ಹೊಗೆಯ ಎಳೆ ಇನ್ನೂ ಏಳುತ್ತಿತ್ತು. "ಯಾಕ ಬೇಟಿ, ಕಣ್ಣಾಗ ಹೊಗಿ ಹೋತೇನು?" ಎಂದು ಅಜ್ಜಿ ಕೇಳಿದಳು.

"ಹೂಂ ದಾದಿಮಾ."

ಕೊನೆಯ ವಾಕ್ಯದ ಮೇಲೆ ಅವಳು ಅಡ್ಡಗೆರೆ ಎಳೆದಳು. ಗೆರೆಯ ಕೆಳಗಿನ ಅಕ್ಷರಗಳು ಕಾಣುತ್ತಿದ್ದವು, ಮತ್ತೆ ಎಳೆದಳು. ಆಮೇಲೆ ಹೊಸ ಹಾಳೆ ತೆಗೆದುಕೊಂಡು, ಆ ವಾಕ್ಯವನ್ನು ಬಿಟ್ಟು, ಮೊದಲಿನಿಂದ ಎರಡು ಪ್ರತಿ ಬರೆದಳು. ಒಂದು ಗಿರಣಿಗೆ. ಇನ್ನೊಂದನ್ನು ನಾಲ್ಕನೇ ಇಯತ್ತೆಯ ಹುಡುಗಿಗೆ ಓದಲು ಬರುವಂತೆ, ಅಕ್ಷರ ಬಿಡಿಸಿ, ದುಂಡಗೆ ಬರೆದಳು. ಎರಡಕ್ಕೂ ಸಹಿ ಹಾಕಿ, ಮೂರು ಸಲ ಓದಿದಳು.